ಆಗುಂಬೆ ದಾರಿಗೆ ಒಪ್ಪುವ ಹೆಲ್ಮೆಟ್: ನನ್ನ ಅನುಭವ

ತೀರ್ಥಹಳ್ಳಿಯಲ್ಲಿ ಮನೆ ಮಾಡಿಕೊಂಡು, ಆಗುಂಬೆ ಕಡೆಯ ಒಂದು ಪ್ರೌಢಶಾಲೆಗೆ ಹನ್ನೊಂದು ವರ್ಷಗಳಿಂದ ಬೈಕಿನಲ್ಲಿಯೇ ಹೋಗಿಬರುತ್ತಿರುವ ಶಿಕ್ಷಕ ನಾನು. ಈಗ ಬಳಸುತ್ತಿರುವುದು ನನ್ನ ನಾಲ್ಕನೆಯ ಹೆಲ್ಮೆಟ್. ಮೊದಲಿನ ಎರಡನ್ನು ಕೊಳ್ಳುವಾಗ ಬಣ್ಣ ಮತ್ತು ಬೆಲೆ ನೋಡಿದ್ದೆ. ನಂತರದ ಎರಡನ್ನು ಕೊಳ್ಳುವಾಗ ನನ್ನ ತಲೆ, ನನ್ನ ಕನ್ನಡಕ ಮತ್ತು ನಮ್ಮ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡೆ.

ಮೊದಲನೆಯದನ್ನು ಕೊಟ್ಟ ಅಂಗಡಿಯವರು "ಸ್ವಲ್ಪ ಸಡಿಲ ಇರ್ಲಿ ಸಾರ್, ಗಾಳಿ ಆಡುತ್ತೆ" ಎಂದಿದ್ದರು. ನಾನೂ ಹೌದೆಂದುಕೊಂಡು ತಂದೆ. ಒಂದು ದಿನ ಶಿವಮೊಗ್ಗಕ್ಕೆ ಹೋಗುವಾಗ ಮಂಡಗದ್ದೆಯ ಹತ್ತಿರ ಹಿಂದಿನಿಂದ ಬಸ್ಸಿನ ಹಾರನ್ ಕೇಳಿ ಕತ್ತು ತಿರುಗಿಸಿದೆ. ಕತ್ತು ತಿರುಗಿತು, ಹೆಲ್ಮೆಟ್ ಮಾತ್ರ ಇದ್ದಲ್ಲಿಯೇ ಉಳಿಯಿತು. ಬಲಗಣ್ಣಿಗೆ ಕಂಡದ್ದು ಒಳಗಿನ ಕುಷನ್ನಿನ ಕಪ್ಪು ಅಂಚಷ್ಟೇ. ಅಂದು ಸಂಜೆ ಟೈಲರ್ ಟೇಪಿನಿಂದ, ಹುಬ್ಬಿನ ಮೇಲೆ ಒಂದು ಅಂಗುಲ ಬಿಟ್ಟು, ಹಿಂದೆ ತಲೆ ಹೆಚ್ಚು ಉಬ್ಬಿರುವ ಭಾಗವನ್ನು ಬಳಸಿ ಸುತ್ತಳತೆ ತೆಗೆದಾಗ 58 ಸೆಂಟಿಮೀಟರ್ ಬಂತು. ನಾನು ಹಾಕಿಕೊಂಡು ಓಡಾಡುತ್ತಿದ್ದದ್ದು 60ರದು.

ಆದರೆ ಅಳತೆ ಸರಿಯಾದ ಮಾತ್ರಕ್ಕೆ ಹೆಲ್ಮೆಟ್ ಒಪ್ಪುತ್ತದೆಂದು ಹೇಳಲಾಗದು. ನನ್ನ ತಲೆ ಹಣೆಯಿಂದ ಹಿಂದಕ್ಕೆ ತುಸು ಉದ್ದ. ಕೆಲವು ಕಂಪನಿಗಳ ಹೆಲ್ಮೆಟ್ಟಿನ ಒಳಭಾಗ ಹೆಚ್ಚು ದುಂಡಗಿರುತ್ತದೆ. ಎರಡನೆಯದು ಅಂಥದ್ದೇ ಆಗಿತ್ತು. ಅಂಗಡಿಯಲ್ಲಿ ಎರಡು ನಿಮಿಷ ಹಾಕಿ ನೋಡಿದಾಗ ಏನೂ ಅನ್ನಿಸಲಿಲ್ಲ, ಶಾಲೆ ತಲುಪುವಷ್ಟರಲ್ಲಿ ಹಣೆಯ ನಡುವೆ ರೂಪಾಯಿ ನಾಣ್ಯದಷ್ಟು ಕೆಂಪು ಗುರುತು ಮೂಡಿ ತಲೆ ಸಿಡಿಯುತ್ತಿತ್ತು. ಆಮೇಲಿಂದ ನಾನು ಅಂಗಡಿಯಲ್ಲಿ ಹೆಲ್ಮೆಟ್ ತೊಟ್ಟು ಇಪ್ಪತ್ತು ನಿಮಿಷ ಕುಳಿತೇ ತೀರುತ್ತೇನೆ. ಕೆನ್ನೆಯ ಕುಷನ್ ಒತ್ತಿದರೆ ಚಿಂತೆಯಿಲ್ಲ, ಬಳಸುತ್ತಾ ಅದು ಹದಕ್ಕೆ ಬರುತ್ತದೆ. ಹಣೆ ಒತ್ತಿದರೆ ಕೊಳ್ಳುವುದಿಲ್ಲ. ಪಟ್ಟಿ ಬಿಗಿದುಕೊಂಡು, ಹಿಂಭಾಗದ ಕೆಳ ಅಂಚಿನಿಂದ ಹೆಲ್ಮೆಟ್ಟನ್ನು ಮುಂದಕ್ಕೆ ಎತ್ತಿ ನೋಡುತ್ತೇನೆ. ತಲೆಯಿಂದ ಕಳಚಿ ಬರುವಂತಿದ್ದರೆ ಎಷ್ಟೇ ಅಂದವಾಗಿದ್ದರೂ ಅಲ್ಲಿಯೇ ಇಟ್ಟು ಬರುತ್ತೇನೆ. ಕನ್ನಡಕ ಹಾಕುವವರು ಅದನ್ನೂ ಜೊತೆಗೆ ಒಯ್ಯಬೇಕು: ಹೆಲ್ಮೆಟ್ ತೊಟ್ಟ ಮೇಲೆ ಕನ್ನಡಕದ ಕಡ್ಡಿ ಕಿವಿಯ ಮೇಲೆ ನೇರವಾಗಿ ತೂರದಿದ್ದರೆ, ಅರ್ಧ ಗಂಟೆಯಲ್ಲಿ ಕಿವಿಯ ಹಿಂದೆ ಉರಿ ಶುರುವಾಗುತ್ತದೆ.

ನಮ್ಮ ಕಡೆ ಹೆಲ್ಮೆಟ್ಟಿನ ನಿಜವಾದ ಪರೀಕ್ಷೆ ನಡೆಯುವುದು ಮಳೆಗಾಲದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆರಿದ್ರಾ ಹಿಡಿಯಿತೆಂದರೆ ವೈಸರ್, ಅಂದರೆ ಮುಖದ ಮುಂದಿನ ಪಾರದರ್ಶಕ ಮುಚ್ಚಳ, ಎತ್ತಿದರೆ ಕಣ್ಣಿಗೆ ಹನಿ ಹೊಡೆಯುತ್ತದೆ, ಇಳಿಸಿದರೆ ಒಳಗೆ ಮಂಜು ಕಟ್ಟುತ್ತದೆ. ಉಸಿರಿನ ಬೆಚ್ಚಗಿನ ತೇವ ಹೊರಗಿನ ಮಳೆಗೆ ತಣ್ಣಗಾದ ವೈಸರಿಗೆ ತಾಗಿ ನೀರಾಗುವುದೇ ಇದಕ್ಕೆ ಕಾರಣ. ಸೋಪು ಸವರಿ ನೋಡಿದೆ. ಹತ್ತು ಕಿಲೋಮೀಟರ್ ತಡೆಯಿತು, ಆಮೇಲೆ ಮೊದಲಿನಂತೆಯೇ. ಕೊನೆಗೆ ಪಿನ್‌ಲಾಕ್ ಕೂರಿಸಲು ಅವಕಾಶವಿರುವ ವೈಸರಿನ ಹೆಲ್ಮೆಟ್ ಕೊಂಡೆ. ವೈಸರಿನ ಒಳಗೆ ಎರಡು ಪಿನ್ನುಗಳ ನಡುವೆ ಇನ್ನೊಂದು ತೆಳು ಹಾಳೆ ಕೂರುತ್ತದೆ. ಅದರ ಅಂಚಿನ ಸಿಲಿಕೋನ್ ಗೆರೆ ಎರಡರ ನಡುವೆ ಒಣ ಗಾಳಿಯನ್ನು ಹಿಡಿದಿಡುವುದರಿಂದ ಒಳಮೈ ತಣ್ಣಗಾಗುವುದಿಲ್ಲ. ಪುಷ್ಯ ಮಳೆ ಸುರಿಯುತ್ತಿದ್ದಾಗ ಜಗುಲಿಯಲ್ಲಿ ಕುಳಿತು ಕೂರಿಸಿದ್ದರಿಂದ ತೇವವೂ ಒಳಗೇ ಸೇರಿಕೊಂಡು, ಎರಡು ಹಾಳೆಗಳ ನಡುವೆಯೇ ಮಂಜು ಕಟ್ಟಿತು. ಬಿಸಿಲು ಬಿದ್ದ ದಿನ ಬಿಚ್ಚಿ, ಒರೆಸಿ, ಆರಿಸಿ ಮತ್ತೆ ಕೂರಿಸಿದ ಮೇಲೆ ಸರಿಹೋಯಿತು. ಆದರೂ ಕನ್ನಡಕಕ್ಕೆ ಮಂಜು ಹಿಡಿಯುವುದು ಇದರಿಂದ ತಪ್ಪುವುದಿಲ್ಲ; ಅದಕ್ಕೆ ಮೂಗಿನ ಕೆಳಗೆ ಉಸಿರನ್ನು ಕೆಳಕ್ಕೆ ತಿರುಗಿಸುವ ರಬ್ಬರಿನ ಅಡ್ಡ ಬೇಕು, ಗದ್ದದ ಬಳಿಯ ಗಾಳಿಕಿಂಡಿ ತೆರೆದಿರಬೇಕು.

ಕಪ್ಪು ವೈಸರಿನ ಆಸೆ ನನಗೂ ಇತ್ತು. ಆದರೆ ಆಗುಂಬೆಯ ಕಾಡಿನ ದಾರಿಯಲ್ಲಿ ಮಧ್ಯಾಹ್ನ ನಾಲ್ಕು ಗಂಟೆಗೇ ಕತ್ತಲೆ ಕವಿಯುತ್ತದೆ. ಸೋಮೇಶ್ವರಕ್ಕೆ ಇಳಿಯುವ ಹದಿನಾಲ್ಕು ತಿರುವುಗಳಲ್ಲಿ ರಸ್ತೆಯಂಚಿನ ಪಾಚಿ ಕಾಣಬೇಕಾದರೆ ಬಣ್ಣವಿಲ್ಲದ ವೈಸರೇ ಬೇಕು. ಹೆಲ್ಮೆಟ್ಟಿನ ಬಣ್ಣದ ವಿಷಯದಲ್ಲಿಯೂ ನನ್ನ ಅಭಿರುಚಿ ಹೀಗೆಯೇ ಬದಲಾಯಿತು. ಮಂಜಿನೊಳಗೆ ಎದುರಿನಿಂದ ಬರುವ ಸಹೋದ್ಯೋಗಿಯ ಹಳದಿ ಹೆಲ್ಮೆಟ್ ಬೈಕಿಗಿಂತ ಮೊದಲೇ ಕಾಣುವುದನ್ನು ನೋಡಿ, ಮ್ಯಾಟ್ ಕಪ್ಪನ್ನು ಬಿಟ್ಟು ನಾನೂ ಹಳದಿಗೆ ಬಂದೆ. ಅದು ನನ್ನ ಕಣ್ಣಿಗೆ ಈಗ ಚೆಂದವಾಗಿಯೇ ಕಾಣುತ್ತದೆ.

ಗಾಳಿ ಸೀಳುವ ವಿನ್ಯಾಸಕ್ಕಾಗಿ ಹೆಚ್ಚು ಹಣ ಕೊಡುವುದು ನಮ್ಮ ದಾರಿಯ ವೇಗಕ್ಕೆ ಅನವಶ್ಯಕ. ತೂಕ ಮಾತ್ರ ಮುಖ್ಯ: ಒಂದೂವರೆ ಕಿಲೋ ಮೀರಿದ್ದನ್ನು ನಿತ್ಯ ಹೊತ್ತರೆ ಕತ್ತು ಹಿಡಿಯುತ್ತದೆ. ಐಎಸ್‌ಐ ಗುರುತು ಮತ್ತು ಹೆಲ್ಮೆಟ್ಟಿನ ಭಾರತೀಯ ಮಾನದಂಡವಾದ ಐಎಸ್ 4151 ಎಂಬ ಸಂಖ್ಯೆ ಇಲ್ಲದ್ದನ್ನು ಕೈಯಲ್ಲಿಯೂ ಹಿಡಿಯುವುದಿಲ್ಲ. 2021ರ ಜೂನ್‌ನಿಂದ ಅಂಥದ್ದನ್ನು ಮಾರುವುದೇ ನಿಷಿದ್ಧ, ಆದರೂ ರಸ್ತೆಬದಿಯಲ್ಲಿ ಸಿಗುತ್ತದೆ.

ಮೂರನೆಯ ಹೆಲ್ಮೆಟ್ ಹಾಳಾದದ್ದು ಮನೆಯಲ್ಲಿ. ಒಂದು ಜುಲೈನಲ್ಲಿ ಒಳಗಿನ ಬಟ್ಟೆಗೆ ಬೂಸಲು ಹಿಡಿಯಿತೆಂದು, ಅಂಗಿ ಪಂಚೆಗಳ ಜೊತೆ ಅದನ್ನೂ ಬಚ್ಚಲೊಲೆಯ ಮೇಲಿನ ಗಳಕ್ಕೆ ನೇತುಹಾಕಿದೆ. ನಾಲ್ಕು ದಿನದ ಬಿಸಿಗೆ ಒಳಗಿನ ಥರ್ಮೋಕೋಲ್ ಒಂದು ಬದಿಯಲ್ಲಿ ಕುಗ್ಗಿ, ಬೆರಳಿನಿಂದ ಒತ್ತಿದರೆ ಚಿಪ್ಪಿನಿಂದ ಬಿಟ್ಟುಕೊಂಡು ಅಲುಗುತ್ತಿತ್ತು. ಬಿದ್ದಾಗ ಪೆಟ್ಟನ್ನು ತಾನು ತಿಂದು ತಲೆಯನ್ನು ಉಳಿಸುವುದು ಆ ಥರ್ಮೋಕೋಲೇ ಆದ್ದರಿಂದ, ಹೊರಗಿನ ಬಣ್ಣ ಹೊಸದರಂತಿದ್ದರೂ ಅದನ್ನು ಬಿಟ್ಟೆ. ಈಗಿನದರ ಒಳಬಟ್ಟೆ ಪೂರ್ತಿ ಬಿಚ್ಚಲು ಬರುತ್ತದೆ. ಬಟ್ಟೆಯನ್ನಷ್ಟೇ ತೊಳೆದು ಫ್ಯಾನಿನ ಕೆಳಗೆ ಆರಿಸುತ್ತೇನೆ.

2016ರ ಜನವರಿಯಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದಾಗ ನನ್ನ ಹೆಂಡತಿಗೆ ನನ್ನ ಹಳೆಯದನ್ನೇ ಕೊಟ್ಟಿದ್ದೆ. ಅದು ಅವಳ ತುರುಬಿನ ಮೇಲೆ ಕುಳಿತು ಮುಂದಕ್ಕೆ ಜಾರಿ ಕಣ್ಣು ಮುಚ್ಚುತ್ತಿತ್ತು. ಕಳೆದ ಬೇಸಿಗೆಯಲ್ಲಿ ಅವಳನ್ನೇ ಅಂಗಡಿಗೆ ಕರೆದೊಯ್ದೆ. ತುರುಬು ಬಿಚ್ಚಿ ಕುತ್ತಿಗೆಯ ಕೆಳಗೆ ಬರುವಂತೆ ಜಡೆ ಹೆಣೆದುಕೊಂಡು, ಒಂದೊಂದನ್ನೂ ತೊಟ್ಟು, ತಲೆ ಅಲ್ಲಾಡಿಸಿ ನೋಡಿ, ಐದನೆಯದನ್ನು ಅವಳು ಒಪ್ಪಿದಳು. ಅದರ ಅಳತೆ 56.