ನಿಂತ ಮಳೆನೀರಿನಲ್ಲಿ ಹಳೆಯ ಕಾರನ್ನು ದಾಟಿಸುವುದು ಹೇಗೆ?

ಜೋರು ಮಳೆಗೆ ತುಂಬಿಕೊಂಡ ಅಂಡರ್‌ಪಾಸ್‌ಗೆ ಯಾವ ಕಾರನ್ನೂ ಇಳಿಸಬಾರದು. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಹರಿಯುವ ನೀರೂ ಬೇಡ. ಸುಮಾರು 30 ಸೆಂ.ಮೀ. ಆಳವಿದ್ದರೂ ಅದು ಸಣ್ಣ ಕಾರನ್ನು ತೇಲಿಸಬಲ್ಲದು. ಇಲ್ಲಿ ಹೇಳುತ್ತಿರುವುದು ಸಮತಟ್ಟಾದ ರಸ್ತೆಯಲ್ಲಿ ನಿಂತ ನೀರಿನ ವಿಷಯ ಮಾತ್ರ.

ಮೊದಲು ಕಾರು ನಿಲ್ಲಿಸಿ, ಎದುರಿನಿಂದ ಬರುವ ವಾಹನಗಳ ಚಕ್ರ ಎಷ್ಟು ಮುಳುಗುತ್ತಿದೆ, ಪಾದಚಾರಿ ಮಾರ್ಗದ ಅಂಚುಗಲ್ಲು ಕಾಣುತ್ತಿದೆಯೇ ಎಂದು ಗಮನಿಸಬೇಕು. ಮಾರುತಿ 800ರ ಚಕ್ರದ ಎತ್ತರವೇ ಸುಮಾರು 50 ಸೆಂ.ಮೀ. ಆದ್ದರಿಂದ ಅದರ ನಡುಮಟ್ಟವಾದ 25 ಸೆಂ.ಮೀ. ಕೊನೆಯ ಮಿತಿಯೇ ಹೊರತು ಸುರಕ್ಷಿತ ಆಳವಲ್ಲ. ಬಾಗಿಲಿನ ರಬ್ಬರ್ ಸವೆದ ಕಾರಿಗೆ 15 ಸೆಂ.ಮೀ. ನೀರೇ ಮಿತಿ. ಆಳ ತಿಳಿಯದಿದ್ದರೆ ಹಿಂದಿರುಗುವುದೇ ಸರಿ.

ಹಳೆಯ ಪೆಟ್ರೋಲ್ ಕಾರುಗಳ ದೌರ್ಬಲ್ಯ ಇರುವುದು ಡಿಸ್ಟ್ರಿಬ್ಯೂಟರ್ (ಕಿಡಿಗೆ ಬೇಕಾದ ವಿದ್ಯುತ್ತನ್ನು ಸಿಲಿಂಡರುಗಳಿಗೆ ಹಂಚುವ ಭಾಗ) ಮತ್ತು ಅದನ್ನು ಒಯ್ಯುವ ಪ್ಲಗ್ ವೈರುಗಳಲ್ಲಿ. ಡಿಸ್ಟ್ರಿಬ್ಯೂಟರಿನ ಮುಚ್ಚಳವಾದ ಕ್ಯಾಪ್ ಬಿರುಕು ಬಿಟ್ಟಿದ್ದರೆ ಒಂದಿಷ್ಟು ತೇವ ತಗುಲಿದರೂ ಕಿಡಿ ದಿಕ್ಕು ತಪ್ಪಿ ಎಂಜಿನ್ ನಿಂತುಬಿಡುತ್ತದೆ. ಮಳೆಗಾಲಕ್ಕೆ ಮುನ್ನವೇ ಇವನ್ನು ಬದಲಿಸಿಕೊಳ್ಳುವುದು ಅಗ್ಗದ ಕೆಲಸ. ಅಂಬಾಸಿಡರ್, ಪದ್ಮಿನಿಗಳಲ್ಲಿ ಬೆಲ್ಟಿನಿಂದ ತಿರುಗುವ ಫ್ಯಾನ್ ನೀರಿಗೆ ತಾಗಿದರೆ ಅದನ್ನು ಎಂಜಿನ್ ಮೇಲೆಯೇ ಎರಚುತ್ತದೆ.

ಎಸಿ ಆರಿಸಿ, ಕಿಟಕಿ ಇಳಿಸಿ (ಕೈಯಲ್ಲಿ ತಿರುಗಿಸುವ ಕಿಟಕಿ ಇಲ್ಲಿ ಹಳೆಯ ಕಾರಿನ ಅನುಕೂಲವೇ), ಮೊದಲ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಸಾಗಬೇಕು. ಚರಂಡಿಯ ಬಾಯಿ ತೆರೆದಿರಬಹುದಾದ ಅಂಚನ್ನು ಬಿಟ್ಟು, ಸಾಮಾನ್ಯವಾಗಿ ಎತ್ತರವಾಗಿರುವ ರಸ್ತೆಯ ನಡುವೆ ಹೋಗುವುದು ಲೇಸು. ಗೇರ್ ಬದಲಿಸದೆ, ಆಕ್ಸಿಲರೇಟರ್ ಪೂರ್ತಿ ಬಿಡದೆ ಎಂಜಿನ್ ವೇಗವನ್ನು ಒಂದೇ ಸಮನೆ ಇರಿಸಬೇಕು. ಎದುರಿನಿಂದ ಬಸ್ ಬರುತ್ತಿದ್ದರೆ ಅದು ದಾಟಿ, ಅದರ ಅಲೆ ತಗ್ಗುವವರೆಗೂ ನೀರಿಗಿಳಿಯಬಾರದು.

ನಡುನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಸಿಲಿಂಡರಿನೊಳಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ ಮೇಲೇರುವಾಗ ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗಬಹುದು, ಮತ್ತು ಆ ದುರಸ್ತಿಯ ವೆಚ್ಚ ಹಳೆಯ ಕಾರಿನ ಬೆಲೆಯನ್ನೇ ಮೀರಬಹುದು. ಎಲ್ಲರೂ ಇಳಿದು, ಗೇರ್ ನ್ಯೂಟ್ರಲ್‌ಗೆ ತಂದು, ಕಾರನ್ನು ತಳ್ಳಿ ಒಣ ಜಾಗಕ್ಕೆ ಸೇರಿಸಿ ಮೆಕ್ಯಾನಿಕ್‌ಗೆ ತಿಳಿಸಬೇಕು.

ದಾಟಿದ ಮೇಲೆ ಹಿಂದೆ ವಾಹನವಿಲ್ಲದಾಗ ನಿಧಾನವಾಗಿ ಸಾಗುತ್ತಾ ಬ್ರೇಕನ್ನು ಹಗುರವಾಗಿ ಹಲವು ಸಲ ಒತ್ತಿ ಒಣಗಿಸಬೇಕು. ಡ್ರಮ್ ಬ್ರೇಕ್‌ಗಳು ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಮರುದಿನ ಡಿಪ್‌ಸ್ಟಿಕ್ (ಎಂಜಿನ್ ಆಯಿಲಿನ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿದಾಗ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿರುವ ಸಾಧ್ಯತೆಯಿದೆ. ಪರೀಕ್ಷಿಸಿ ಆಯಿಲ್ ಬದಲಿಸುವವರೆಗೆ ಎಂಜಿನ್ ಚಾಲೂ ಮಾಡಬಾರದು.