ಚಿಕಿತ್ಸೆಯಲ್ಲಿ ಎಡವಟ್ಟಾಗಿದೆ ಅನ್ನಿಸಿದರೆ ಮೊದಲು ಫೈಲು ಕೇಳಿ

ಆಪರೇಷನ್ ಚೆನ್ನಾಗಿಯೇ ಆಯಿತು ಎಂದಿದ್ದರು. ಮೂರನೇ ದಿನ ಜ್ವರ ಬಂತು. ಐದನೇ ದಿನ ಮತ್ತೆ ಥಿಯೇಟರಿಗೆ ಕರೆದುಕೊಂಡು ಹೋದರು. ಯಾಕೆ ಎಂದರೆ ‘ಒಮ್ಮೊಮ್ಮೆ ಹೀಗಾಗುತ್ತೆ’ ಎಂಬ ಉತ್ತರ. ಈ ಮಾತು ನಿಜವೂ ಇರಬಹುದು, ತಪ್ಪು ಮುಚ್ಚಲು ಆಡಿದ್ದೂ ಇರಬಹುದು. ಹೊರಗೆ ಕುರ್ಚಿಯಲ್ಲಿ ಕೂತವರಿಗೆ ಯಾವುದೆಂದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಫೈಲು ಕೈಗೆ ಬರಬೇಕು. ಕೌಂಟರಿನಲ್ಲಿ ಕೂಗಾಡಿದರೆ ಅದು ಬರುವುದು ತಡವಾಗುತ್ತದೆ, ಅಷ್ಟೇ.

ರೋಗಿ ಇನ್ನೂ ಹಾಸಿಗೆಯಲ್ಲಿದ್ದರೆ

ಹಾಗಿದ್ದರೆ ದೂರು ಕಾಯಲಿ, ಚಿಕಿತ್ಸೆ ಕಾಯಬಾರದು. ಅದೇ ವೈದ್ಯರ ಮೇಲೆ ನಂಬಿಕೆ ಹೋಗಿದ್ದರೆ ಬೇರೆಯವರು ನೋಡಲಿ ಎಂದು ಕೇಳಿ. ಬೇರೆ ಆಸ್ಪತ್ರೆಗೆ ಒಯ್ಯುವುದಾದರೆ ದಾರಿಯಲ್ಲಿ ತೊಂದರೆ ಆಗುವಂತಿದೆಯೇ ಎಂದು ಮೊದಲು ವಿಚಾರಿಸಿ.

ಎರಡನೇ ವೈದ್ಯರ ಮುಂದೆ ಕೂತ ತಕ್ಷಣ ‘ಅವರು ಹಾಳು ಮಾಡಿದರು, ನೀವೇ ಹೇಳಿ’ ಅನ್ನಬೇಡಿ. ಕೋರ್ಟಿನ ವಾಸನೆ ಬಡಿದರೆ ಯಾವ ವೈದ್ಯರೂ ಬಾಯಿ ಬಿಗಿ ಹಿಡಿಯುತ್ತಾರೆ. ಈಗ ಏನಾಗಿದೆ, ಯಾವುದರಿಂದ ಆಗಿರಬಹುದು, ಮುಂದೇನು ಮಾಡಬೇಕು ಎಂದು ಮಾತ್ರ ಕೇಳಿ. ಆ ಹೊತ್ತಿನಲ್ಲಿ ಅವರು ಸಹಜವಾಗಿ ಬರೆದ ನಾಲ್ಕು ಸಾಲಿಗೆ ಮುಂದೆ ತುಂಬಾ ಬೆಲೆ ಬರುತ್ತದೆ.

ಫೈಲು ಅಂದರೆ ಡಿಸ್ಚಾರ್ಜ್ ಸಮ್ಮರಿ ಅಲ್ಲ

ಹೆಚ್ಚಿನವರು ಮಾಡುವ ತಪ್ಪು ಇದೇ. ಡಿಸ್ಚಾರ್ಜ್ ಸಮ್ಮರಿ ಹಿಡಿದುಕೊಂಡು ಬಂದು ‘ಎಲ್ಲಾ ದಾಖಲೆ ಇದೆ’ ಅನ್ನುತ್ತಾರೆ. ಅದು ಎಲ್ಲ ಮುಗಿದ ಮೇಲೆ ಸಾವಧಾನವಾಗಿ ಬರೆದ ಕಾಗದ. ನಿಮಗೆ ಬೇಕಾದದ್ದು ನಡೆಯುವಾಗಲೇ ಬರೆದದ್ದು. ಪೂರ್ತಿ ಕೇಸ್ ಶೀಟ್, ನೀವು ಸಹಿ ಹಾಕಿದ ಒಪ್ಪಿಗೆ ಪತ್ರ, ಆಪರೇಷನ್ ಟಿಪ್ಪಣಿ, ಅರಿವಳಿಕೆಯ ಚಾರ್ಟ್, ಔಷಧಿ ಕೊಟ್ಟ ಚಾರ್ಟ್, ಲ್ಯಾಬ್ ವರದಿಗಳು, ನರ್ಸ್‌ಗಳ ಟಿಪ್ಪಣಿ ಎಲ್ಲವನ್ನೂ ಹೆಸರಿಸಿ ಕೇಳಿ.

ನನ್ನನ್ನು ಕೇಳಿದರೆ ಮೊದಲು ಓದಬೇಕಾದದ್ದು ನರ್ಸ್‌ಗಳ ಟಿಪ್ಪಣಿ. ಅದರಲ್ಲಿ ಗಂಟೆ, ನಿಮಿಷ ಇರುತ್ತದೆ. ‘ರಾತ್ರಿ 2.10, ಬಿಪಿ ಇಳಿದಿದೆ, ವೈದ್ಯರಿಗೆ ಫೋನ್ ಮಾಡಲಾಯಿತು’ ಎಂದಿದ್ದು, ವೈದ್ಯರ ಮುಂದಿನ ಬರಹ ಬೆಳಗ್ಗೆ 7ರದ್ದಾಗಿದ್ದರೆ, ನಡುವಿನ ಸುಮಾರು ಐದು ಗಂಟೆಯಲ್ಲಿ ಏನಾಯಿತು ಎಂದು ಕೇಳುವ ಹಕ್ಕು ನಿಮಗಿದೆ. ಬಿಲ್ಲುಗಳನ್ನೂ ಬಿಸಾಡಬೇಡಿ. ಯಾವ ದಿನ ಯಾವ ಔಷಧಿ ಬಂತು ಎಂಬುದನ್ನು ಬಿಲ್ಲು ಹೇಳುತ್ತದೆ. ಚಾರ್ಟಿನಲ್ಲಿ ಇಲ್ಲದ್ದು ಬಿಲ್ಲಿನಲ್ಲಿ ಇದ್ದರೆ ಅದೂ ಒಂದು ಪ್ರಶ್ನೆಯೇ ಅಲ್ವಾ? ಸ್ಕ್ಯಾನ್ ಮಾಡಿಸಿದ್ದರೆ ವರದಿ ಮಾತ್ರ ಸಾಲದು, ಚಿತ್ರಗಳೂ ಬೇಕು. ತಪ್ಪು ಓದಿದ್ದಾರೆಯೇ ಎಂದು ಇನ್ನೊಬ್ಬರು ನೋಡಬೇಕಾದರೆ ಚಿತ್ರವನ್ನೇ ನೋಡಬೇಕು.

ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ. ಒಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಎಷ್ಟು ದಿನದೊಳಗೆ ಕೊಡಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ವೈದ್ಯರ ನಡತೆ ಕುರಿತ 2002ರ ನಿಯಮದಂತೆ 72 ಗಂಟೆ, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ತಿಂಗಳು.

ನಿಮ್ಮದೇ ಒಂದು ಡೈರಿ

ನಮ್ಮ ಮನೆಯಲ್ಲೇ ಒಮ್ಮೆ ಹೀಗಾಗಿತ್ತು. ತಿಂಗಳ ಮೇಲೆ ಕೂತು ನೆನಪಿಸಿಕೊಂಡರೆ ಮೂವರು ಮೂರು ಥರ ಹೇಳಿದೆವು. ಇಂಜೆಕ್ಷನ್ ಕೊಟ್ಟದ್ದು ಊಟಕ್ಕೆ ಮೊದಲೋ ಆಮೇಲೋ ಎಂಬುದೇ ಇತ್ಯರ್ಥವಾಗಲಿಲ್ಲ. ಹಾಗಾಗಿ ಇವತ್ತೇ ಬರೆಯಿರಿ. ಯಾರು ಬಂದರು, ಏನು ಹೇಳಿದರು, ಎಷ್ಟು ಗಂಟೆ. ‘ಕಟುಕರು’ ಅಂತೆಲ್ಲ ಬೇಡ, ಕಂಡದ್ದು, ಕೇಳಿದ್ದು ಸಾಕು. ಗಾಯದ ಫೋಟೊ ದಿನಕ್ಕೊಂದು ತೆಗೆಯಿರಿ. ಉಳಿದ ಔಷಧಿ, ಅದರ ಖಾಲಿ ಪೊಟ್ಟಣ ಎತ್ತಿಡಿ. ಮೈಯೊಳಗೆ ಹಾಕಿ ಆಮೇಲೆ ಹೊರತೆಗೆದ ಸಾಧನ ಇದ್ದರೆ ಅದನ್ನೂ ಎಸೆಯದಂತೆ ಆಸ್ಪತ್ರೆಗೆ ಬರೆದು ಕೇಳಿ. ಸುಮ್ನೆ ಫೇಸ್‌ಬುಕ್ಕಿನಲ್ಲಿ ವೈದ್ಯರ ಹೆಸರು ಹಾಕಿ ಬೈಯಲು ಹೋಗಬೇಡಿ. ಮಾನನಷ್ಟದ ನೋಟಿಸ್ ನಿಮಗೇ ಬಂದೀತು.

ಸಾವು ಸಂಭವಿಸಿದ್ದರೆ ಒಂದು ಕಷ್ಟದ ತೀರ್ಮಾನ ಆ ಕೂಡಲೇ ಮಾಡಬೇಕಾಗುತ್ತದೆ. ಮರಣೋತ್ತರ ಪರೀಕ್ಷೆ. ದುಃಖದಲ್ಲಿ ಯಾರಿಗೂ ಅದು ಬೇಡ. ಆದರೆ ಅಂತ್ಯಕ್ರಿಯೆ ಆದ ಮೇಲೆ ಸಾವಿನ ಕಾರಣ ಹುಡುಕುವುದು ಬಹಳ ಕಷ್ಟ. ದಹನವಾದರೆ ಆ ದಾರಿಯೇ ಮುಚ್ಚಿಹೋಗುತ್ತದೆ.

ಕೆಟ್ಟ ಫಲ ಬೇರೆ, ತಪ್ಪು ಬೇರೆ

ಒಳ್ಳೆಯ ವೈದ್ಯರ ಕೈಯಲ್ಲೂ ರೋಗಿ ಸಾಯುತ್ತಾರೆ. ಕಾನೂನು ಕೇಳುವುದು ಎರಡು ಸಂಗತಿ. ಆ ಪರಿಸ್ಥಿತಿಯಲ್ಲಿ ಸಾಧಾರಣ ಜವಾಬ್ದಾರಿಯುಳ್ಳ ವೈದ್ಯರು ಮಾಡುವಷ್ಟನ್ನು ಇವರು ಮಾಡಿದರೇ? ಮಾಡದೇ ಇದ್ದದ್ದರಿಂದಲೇ ಈ ಹಾನಿ ಆಯಿತೇ?

ಮೊದಲನೆಯದಕ್ಕೆ 1957ರ ಬೋಲಂ ಪ್ರಕರಣವನ್ನು ಇಂದಿಗೂ ಎತ್ತುತ್ತಾರೆ. ಇಂಗ್ಲೆಂಡಿನಲ್ಲಿ ಒಬ್ಬ ರೋಗಿಗೆ ಸ್ನಾಯು ಸಡಿಲಿಸುವ ಔಷಧಿ ಕೊಡದೆ ವಿದ್ಯುತ್ ಶಾಕ್ ಚಿಕಿತ್ಸೆ ಕೊಟ್ಟರು. ಅವನ ಮೂಳೆ ಮುರಿಯಿತು. ಆ ಔಷಧಿ ಬೇಕೇ ಬೇಡವೇ ಎಂಬುದರಲ್ಲಿ ಆಗ ವೈದ್ಯರಲ್ಲೇ ಎರಡು ಮತ ಇತ್ತು. ಬಲ್ಲ ವೈದ್ಯರ ಒಂದು ಗುಂಪು ಒಪ್ಪುವ ರೀತಿಯಲ್ಲಿ ಮಾಡಿದ್ದರೆ ಅದು ನಿರ್ಲಕ್ಷ್ಯವಲ್ಲ ಎಂಬ ಅಳತೆಗೋಲು ಅಲ್ಲಿಂದ ಬಂತು, ರೋಗಿ ಸೋತ. ನನಗಂತೂ ಇದು ವೈದ್ಯರ ಕಡೆಗೆ ಜಾಸ್ತಿ ವಾಲಿದ ಅಳತೆ ಅನ್ನಿಸುತ್ತದೆ. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮಾಂಟ್‌ಗೊಮೆರಿ ಪ್ರಕರಣದಲ್ಲಿ ಇದರ ಒಂದು ಭಾಗವನ್ನು ಬದಲಿಸಿತು. ಸಕ್ಕರೆ ಕಾಯಿಲೆ ಇದ್ದ ಗರ್ಭಿಣಿಗೆ, ಸಹಜ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯವನ್ನು ಹೇಳಿರಲಿಲ್ಲ. ಯಾವ ಅಪಾಯ ಹೇಳಬೇಕು ಎಂಬುದನ್ನು ರೋಗಿಯ ಜಾಗದಲ್ಲಿ ನಿಂತು ನೋಡಬೇಕು ಎಂದಿತು ಕೋರ್ಟು. ಅಂದರೆ ಆಪರೇಷನ್ ಸರಿಯಾಗಿಯೇ ಆಗಿದ್ದರೂ, ಮೊದಲು ನಿಮಗೆ ಏನು ಹೇಳಿದ್ದರು ಎಂಬುದೂ ಒಂದು ಪ್ರಶ್ನೆ.

ಎರಡನೆಯ ಪ್ರಶ್ನೆಯಲ್ಲೇ ಎಷ್ಟೋ ಕೇಸುಗಳು ಬಿದ್ದುಹೋಗುತ್ತವೆ. ಕ್ಯಾನ್ಸರ್ ಗುರುತಿಸಲು ಎರಡು ತಿಂಗಳು ತಡವಾಯಿತು ಎನ್ನೋಣ. ತಡವಾದದ್ದು ತಪ್ಪೇ ಇರಬಹುದು. ಮೊದಲೇ ಗೊತ್ತಾಗಿದ್ದರೂ ಇದೇ ಆಗುತ್ತಿತ್ತು ಎಂದಾದರೆ ಪರಿಹಾರ ಸಿಗುವುದು ಕಷ್ಟ. ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿದರೆ ಮಾತ್ರ ಜಾಸ್ತಿ ವಾದ ಬೇಕಿಲ್ಲ, ಬಟ್ಟೆಯೇ ಮಾತಾಡುತ್ತದೆ. ಉಳಿದಂತೆ ಅದೇ ವಿಭಾಗದ, ಆ ಆಸ್ಪತ್ರೆಗೆ ಸಂಬಂಧವಿಲ್ಲದ ತಜ್ಞರೊಬ್ಬರು ಫೈಲು ಓದಿ ಅಭಿಪ್ರಾಯ ಬರೆಯಬೇಕು. ವಕೀಲರಿಗೆ ದುಡ್ಡು ಕೊಡುವ ಮೊದಲು ಈ ಕೆಲಸ ಆದರೆ ಒಳ್ಳೆಯದು.

ಆಸ್ಪತ್ರೆಯನ್ನೇ ಕೇಳಿ, ಆಮೇಲೆ ಹೊರಗೆ

ಪ್ರಶ್ನೆಗಳನ್ನು ಬರೆದುಕೊಂಡು ಭೇಟಿಗೆ ಸಮಯ ಕೇಳಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಅವರು ಬರೆದುಕೊಳ್ಳಲಿ. ಎಷ್ಟೋ ಸಲ ಇಲ್ಲೇ ಸಮಾಧಾನದ ಉತ್ತರ ಸಿಗುತ್ತದೆ.

ಸಿಗದಿದ್ದರೆ ದಾರಿಗಳು ಬೇರೆ ಬೇರೆ. ಯಾವುದು ಏನು ಕೊಡುತ್ತದೆ ಎಂದು ಮೊದಲೇ ತಿಳಿದಿರಲಿ. ವೈದ್ಯರಿಗೆ ಪರವಾನಗಿ ಕೊಡುವ ಮಂಡಳಿ ಎಚ್ಚರಿಕೆ ಕೊಡಬಹುದು, ನೋಂದಣಿ ಅಮಾನತು ಮಾಡಬಹುದು. ದುಡ್ಡು ಕೊಡಿಸುವುದು ಅದರ ಕೆಲಸವಲ್ಲ. ಪರಿಹಾರಕ್ಕೆ ಸಿವಿಲ್ ಕೋರ್ಟು, ಭಾರತದಂಥ ಕಡೆ ಗ್ರಾಹಕರ ಆಯೋಗ. ನ್ಯೂಜಿಲೆಂಡಿನಲ್ಲಿ 1974ರಿಂದ ಬೇರೆಯದೇ ಪದ್ಧತಿ. ಅಲ್ಲಿ ಚಿಕಿತ್ಸೆಯಿಂದ ಆದ ಗಾಯಕ್ಕೆ ಯಾರ ತಪ್ಪೆಂದು ಸಾಬೀತು ಮಾಡದೆಯೂ ಸರ್ಕಾರಿ ಸಂಸ್ಥೆಯಿಂದ ನೆರವು ಪಡೆಯಬಹುದು. ಪೊಲೀಸ್ ದೂರು ಕೊನೆಯ ದಾರಿ. ಕ್ರಿಮಿನಲ್ ಕೇಸಿಗೆ ಸಣ್ಣ ಎಡವಟ್ಟು ಸಾಲದು, ಅತಿ ಘೋರ ನಿರ್ಲಕ್ಷ್ಯ ಬೇಕು ಎಂದು ಭಾರತದ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ.

ಗಡಿಯಾರ ಓಡುತ್ತಿರುತ್ತದೆ. ಭಾರತದ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಹೋಗಬೇಕು, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ. ಆಸ್ಪತ್ರೆಯವರು ‘ನೋಡೋಣ, ಮುಂದಿನ ತಿಂಗಳು ಬನ್ನಿ’ ಎಂದು ಒಳ್ಳೆಯ ಮಾತಲ್ಲೇ ದಿನ ತಳ್ಳುತ್ತಿದ್ದರೆ, ನಿಮ್ಮ ಗಡುವಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ರಾಜಿಗೆ ಬಂದರೆ ಅವರು ಕೊಡುವ ಕಾಗದದ ಕೊನೆಯ ಪುಟದವರೆಗೂ ಓದಿ. ‘ಇನ್ನು ಮುಂದೆ ಯಾವ ದೂರೂ ಕೊಡುವುದಿಲ್ಲ’ ಎಂಬ ಸಾಲು ಸಾಮಾನ್ಯವಾಗಿ ಸಹಿ ಜಾಗದ ಹತ್ತಿರವೇ ಎಲ್ಲೋ ಇರುತ್ತದೆ.