ಕುಕ್ಕರ್ ಹಿಟ್ಟು, ಡಬ್ಬಿ ಖಾರ: ಗೆಳೆಯರ ಮನೆಗೆ ಉಪ್ಸಾರು ಮುಟ್ಟಿಸಿದ ನನ್ನ ಅನುಭವ

ಮೊನ್ನೆ ಭಾನುವಾರ ಜರ್ಮನಿಯಲ್ಲಿರುವ ಗೆಳೆಯ ಒಂದು ಫೋಟೊ ಕಳಿಸಿದ. ಬಿಳಿ ತಟ್ಟೆಯಲ್ಲಿ ಮುದ್ದೆ, ಬಟ್ಟಲಲ್ಲಿ ಕಾಳು ಸೊಪ್ಪು ಬೇಯಿಸಿ ಬಸಿದ ಉಪ್ಸಾರು, ಅಂಚಿನಲ್ಲಿ ಅದಕ್ಕೆ ಕಲಸಿಕೊಳ್ಳಲು ನೆಲ್ಲಿಕಾಯಿಯಷ್ಟು ರುಬ್ಬಿದ ಖಾರ. ಮುದ್ದೆಯ ಮೈ ಹೊಳೆಯುತ್ತಿತ್ತು. ಕಟ್ಟಿದವರಿಗೆ ಗೊತ್ತು, ಆ ಹೊಳಪು ಹಿಟ್ಟು ಒಳಗೂ ಬೆಂದಿದ್ದರೆ ಮಾತ್ರ ಬರುವುದು. ಅವನು ಅದನ್ನು ಕೋಲು ಹಾಕಿ ತೊಳಸಿ ಮಾಡಿದ್ದಲ್ಲ. ಕುಕ್ಕರ್‌ನಲ್ಲಿ, ನಾನು ಹೇಳಿಕೊಟ್ಟ ಹಾಗೆ ಮಾಡಿದ್ದು. ನಾಲ್ಕು ವರ್ಷ ನನ್ನ ಮಾತಿಗೆ ಆಗಲ್ಲ ಅಂತ ತಲೆ ಅಲ್ಲಾಡಿಸಿದವರಿಗೆಲ್ಲ ಆ ಫೋಟೊ ಕಳಿಸಿದೆ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಇದು ಶುರುವಾಗಿದ್ದು 2020ರ ಲಾಕ್‌ಡೌನ್‌ನಲ್ಲಿ. ನಾವು ಐದಾರು ಜನ ಗೆಳೆಯರು ಪ್ರತಿ ಶನಿವಾರ ಬೆಂಗಳೂರಿನ ನಮ್ಮ ಮನೆಯಲ್ಲಿ ಸೇರಿ ಉಪ್ಸಾರು ಮುದ್ದೆ ಉಣ್ಣುತ್ತಿದ್ದೆವು. ಲಾಕ್‌ಡೌನ್ ಬಂತು, ಒಬ್ಬೊಬ್ಬರೂ ಒಂದೊಂದು ರೂಮಿನಲ್ಲಿ ಉಳಿದರು. "ಹೇಗೆ ಮಾಡೋದು ಹೇಳೋ" ಅಂತ ಫೋನ್ ಮೇಲೆ ಫೋನ್. ಹೇಳಿದೆ. ಯಾರಿಗೂ ಬರಲಿಲ್ಲ. ಒಬ್ಬನದು ಗಂಟು, ಒಬ್ಬನದು ಅಂಬಲಿ, ಇನ್ನೊಬ್ಬನದು ಹೊರಗೆ ಕಲ್ಲು ಒಳಗೆ ಹಸಿ ಹಿಟ್ಟು.

ತಪ್ಪು ಅವರದಲ್ಲ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಅನ್ನುವುದು, ಅದನ್ನು ತೊಳಸುವುದು ನೆಲದ ಮೇಲೆ. ಪಾತ್ರೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿದು, ಮೈಭಾರವೆಲ್ಲ ಕೋಲಿಗೆ ಕೊಟ್ಟು ತಿರುವುತ್ತಾರೆ. ರೂಮಿನಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಂಡ ಹುಡುಗ ಅದನ್ನು ಹೇಗೆ ಮಾಡಬೇಕು? ಗಾಜಿನ ಒಲೆಯ ಮೇಲೆ ಅಷ್ಟು ಬಲ ಹಾಕಿದರೆ ಒಲೆಯೇ ಹೋಗುತ್ತೆ. ನನ್ನ ಅಡುಗೆಮನೆಗೆ ಹೊಂದುವ ವಿಧಾನವನ್ನು ಅವನ ಅಡುಗೆಮನೆಗೆ ಕಳಿಸಿದ್ದೇ ನನ್ನ ತಪ್ಪು ಅಂತ ಆಗ ಹೊಳೆಯಿತು. ಕುಕ್ಕರ್ ಮಾತ್ರ ಎಲ್ಲರ ಹತ್ತಿರವೂ ಇತ್ತು.

ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ. "ಕುಕ್ಕರ್‌ನಾಗೆ ಹಿಟ್ಟಾ? ಕೋಲು ಮುಟ್ದೆ ಹಿಟ್ಟು ಆಯ್ತದೇನ್ಲಾ?" ಅಂದಳು. ದೊಡ್ಡಪ್ಪ ಅಂತೂ "ಅದ್ನ ಹಿಟ್ಟು ಅನ್ಬ್ಯಾಡ, ಬೇರೆ ಏನಾರಾ ಹೆಸ್ರು ಮಡಿಕೊ" ಅಂದರು.

ಮೊದಲ ಸಲ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಪಾತ್ರೆ ಸಮೇತ ಕುಕ್ಕರ್‌ಗೆ ಇಟ್ಟೆ. ತೆಗೆದಾಗ ಮೇಲೆ ನೀರು, ತಳದಲ್ಲಿ ಇಟ್ಟಿಗೆ. ಬೇಯುವಷ್ಟರಲ್ಲಿ ಹಿಟ್ಟೆಲ್ಲ ಕೆಳಗೆ ಕೂತುಬಿಟ್ಟಿತ್ತು. ಎರಡನೇ ಸಲ ಪಾತ್ರೆ ಬೇಡ ಅಂತ ನೇರ ಕುಕ್ಕರ್ ಒಳಗೇ ಹಾಕಿದೆ. ತಳ ಹಿಡಿದು ಸೀದು, ಆ ಹಳೆಯ ಕುಕ್ಕರ್ ಗುಜರಿಗೆ ಹೋಯಿತು. ಹೊಸದಕ್ಕೆ ಹತ್ತಿರ ಹತ್ತಿರ 2,200 ರೂಪಾಯಿ. ಮೂರನೇ ಸಲ ಚೆನ್ನಾಗೇ ಬೆಂದಿತ್ತು, ಆದರೆ ಮುಚ್ಚಳದ ಹಬೆ ನೀರೆಲ್ಲ ತೊಟ್ಟಿಕ್ಕಿ ಮೇಲಿನ ಎರಡು ಬೆರಳು ಪದರ ಗಂಜಿಯಾಗಿತ್ತು. ಹೀಗೆ ಲಾಕ್‌ಡೌನ್‌ನ ಎರಡು ತಿಂಗಳಲ್ಲಿ ಹತ್ತು ಹನ್ನೆರಡು ಕೆ.ಜಿ. ರಾಗಿ ಹಿಟ್ಟು ಖರ್ಚಾಯಿತು. ಐನೂರು ಅರುನೂರು ರೂಪಾಯಿಯ ಮಾಲು. ದುಡ್ಡಿಗಿಂತ, ಅನ್ನವನ್ನು ಹಾಳು ಮಾಡಿದೆನಲ್ಲ ಅಂತ ಮನಸ್ಸಿಗೆ ಜಾಸ್ತಿ ನೋವಾಯಿತು.

ಕೊನೆಗೆ ಕೈ ಹಿಡಿದಿದ್ದು ಇದು. 300 ಗ್ರಾಂ ಹಿಟ್ಟು, 600 ಎಂ.ಎಲ್. ನೀರು, ಚಿಟಿಕೆ ಉಪ್ಪು. ಲೋಟದ ಲೆಕ್ಕ ಬೇಡ, ತಕ್ಕಡಿ ಇಟ್ಟುಕೊಳ್ಳಿ. ಒಂದು ಸಣ್ಣ ಗಂಟೂ ಉಳಿಯದ ಹಾಗೆ ತಣ್ಣೀರಲ್ಲೇ ಕಲಸಿ. ಅದನ್ನು ಒಲೆ ಮೇಲಿಟ್ಟು ಕೈ ಬಿಡದೆ ತಿರುವಿ. ಎರಡು ಮೂರು ನಿಮಿಷದಲ್ಲಿ ಸೌಟು ಭಾರ ಅನ್ನಿಸುತ್ತೆ. ಆ ಕ್ಷಣಕ್ಕೇ ಇಳಿಸಿ. ಇಷ್ಟಾದರೆ ಹಿಟ್ಟು ಇನ್ನು ತಳಕ್ಕೆ ಕೂರಲ್ಲ. ಪಾತ್ರೆಗೆ ಬಿಗಿಯಾಗಿ ತಟ್ಟೆ ಮುಚ್ಚಿ, ಕುಕ್ಕರ್ ಒಳಗೆ ನೀರು ಹಾಕಿ ಇಡಿ. ಮೂರು ಕೂಗು, ಆಮೇಲೆ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ಪ್ರೆಶರ್ ತಾನಾಗಿ ಇಳಿಯುವ ತನಕ ಮುಟ್ಟಬೇಡಿ. ತೆಗೆದ ಮೇಲೆ ಪಾತ್ರೆಯನ್ನು ಒದ್ದೆ ಬಟ್ಟೆಯ ಮೇಲಿಟ್ಟು, ಇಕ್ಕಳದಲ್ಲಿ ಹಿಡಿದು, ಲಟ್ಟಣಿಗೆಯ ತುದಿಯಿಂದ ಎರಡು ನಿಮಿಷ ಜೋರಾಗಿ ತೊಳಸಿ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ದೊಡ್ಡ ಮುದ್ದೆಯಾದರೆ ಮೂರು, ಸಣ್ಣದಾದರೆ ನಾಲ್ಕು ಆಗುತ್ತೆ.

ನೀರಿನ ಲೆಕ್ಕ ರಾಗಿಯಿಂದ ರಾಗಿಗೆ ಬದಲಾಗುತ್ತೆ. ಅಪ್ಪನ ಕಾಲದಲ್ಲಿ ನಮ್ಮ ಹೊಲದಲ್ಲಿ ಇಂಡಾಫ್ ಹಾಕುತ್ತಿದ್ದರು. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಯನ್ನು ಆಫ್ರಿಕಾದ ರಾಗಿಯ ಜತೆ ಕೂಡಿಸಿ ಮಾಡಿದ ತಳಿ ಅದು. ಈಗ ನಮ್ಮಲ್ಲಿ ಜಿಪಿಯು-28 ತಳಿ. ಪಕ್ಕದ ಹೊಲದವರು ಎಂಎಲ್-365 ಹಾಕುತ್ತಾರೆ. ನನ್ನ ಕೈಗೆ ಅದರ ಹಿಟ್ಟು ಸ್ವಲ್ಪ ಮೆದು ಅನ್ನಿಸಿತು, 20 ಎಂ.ಎಲ್. ನೀರು ಕಡಿಮೆ ಮಾಡಿದೆ. ರಾಗಿ ಹಳೇದಾದಷ್ಟೂ ಒಳ್ಳೆಯದು, ಹೊಸ ರಾಗಿಯ ಹಿಟ್ಟು ಅಂಟು ಜಾಸ್ತಿ. ಗಿರಣಿಯಲ್ಲಿ ಎಷ್ಟು ನುಣ್ಣಗೆ ಹಾಕಿಸಬೇಕು ಅನ್ನುವುದರಲ್ಲಿ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯಲ್ಲ. ನಾಲ್ಕು ಗಿರಣಿ ಅಲೆದು ಕಲಿತದ್ದು, ನೀವೂ ಅಲೆಯಿರಿ.

ಜರ್ಮನಿಯ ಗೆಳೆಯನ ಕಷ್ಟ ಬೇರೆ. ಅಲ್ಲಿನ ಅಂಗಡಿಯಲ್ಲಿ ರಾಗಿ ಹಿಟ್ಟು ಸಿಗುತ್ತೆ, ಆದರೆ ಎಷ್ಟು ದಿನದ್ದೋ, ಕಮಟು ವಾಸನೆ. ರಾಗಿ ಕಾಳು ವರ್ಷಗಟ್ಟಲೆ ಕೆಡಲ್ಲ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ ತುಂಬಿಡುತ್ತಿದ್ದರಲ್ವಾ. ಹಿಟ್ಟಾದ ಮೇಲೆ ಎರಡು ತಿಂಗಳು ಅಷ್ಟೇ. ಹಾಗಾಗಿ ಅವನು ಊರಿಗೆ ಬಂದಾಗ 5 ಕೆ.ಜಿ. ಕಾಳನ್ನೇ ತೊಳೆದು ಒಣಗಿಸಿ ಕಟ್ಟಿಕೊಟ್ಟೆ. ಅಲ್ಲಿ ಮಿಕ್ಸಿಯಲ್ಲಿ ಪುಡಿ ಮಾಡಿ ಎರಡು ಸಲ ಜರಡಿ ಹಿಡಿದ. ಆದರೂ ತರಿ ಉಳಿಯಿತು. ಕಲಸಿ ಇಪ್ಪತ್ತು ನಿಮಿಷ ನೆನೆಯಲು ಬಿಟ್ಟು, 40 ಎಂ.ಎಲ್. ನೀರು ಜಾಸ್ತಿ ಹಾಕು ಅಂದೆ. ಸರಿಹೋಯಿತು. ಫೋಟೊದಲ್ಲಿರುವ ಮುದ್ದೆ ಅದೇ.

ಇನ್ನು ಖಾರ. ಉಪ್ಸಾರಿನ ಜೀವವೇ ಖಾರ. ಕಾಳು ಸೊಪ್ಪು ಯಾರು ಬೇಕಾದರೂ ಬೇಯಿಸಬಹುದು. ಖಾರ ಕೆಟ್ಟರೆ ಊಟ ಕೆಟ್ಟಿತು. ಗೆಳೆಯರಿಗೆ ಖಾರದ ಅಳತೆ ಬರೆದುಕೊಟ್ಟು ನೋಡಿದೆ. ಒಬ್ಬನಿಗೆ ಬ್ಯಾಡಗಿ ಸಿಗಲಿಲ್ಲ, ಇನ್ನೊಬ್ಬ ಮೆಣಸಿನಕಾಯಿಯನ್ನು ಕಪ್ಪಗೆ ಸುಟ್ಟ. ಸರಿ, ಖಾರವನ್ನು ನಾನೇ ಮಾಡಿ ಕಳಿಸುತ್ತೇನೆ ಅಂತ ತೀರ್ಮಾನ ಮಾಡಿದೆ. ಅದರಲ್ಲೂ ಮೂರು ಸಲ ಸೋತೆ.

ಮೊದಲ ಡಬ್ಬಿಗೆ ಮನೆಯಲ್ಲಿ ಮಾಡುವ ಹಾಗೇ ಹಸಿ ಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ನೀರಲ್ಲಿ ರುಬ್ಬಿದ್ದೆ. ಐದನೇ ದಿನಕ್ಕೆ ಬೂಸಲು. ಎರಡನೇ ಸಲ ಕಾಯಿ, ಸೊಪ್ಪು, ನೀರು ಮೂರನ್ನೂ ಬಿಟ್ಟೆ. ಕೆಂಡದ ರುಚಿ ಬರಲಿ ಅಂತ ಮೆಣಸಿನಕಾಯಿಯನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದೆ. ಅವತ್ತು ರುಚಿಯಾಗೇ ಇತ್ತು. ವಾರ ಕಳೆದ ಮೇಲೆ ಕಹಿ ಎದ್ದುಬಂತು. ಮೂರನೇ ಸಲ ಖಾರ ಸರಿಯಾಗಿತ್ತು, ಡಬ್ಬಿ ಸರಿಯಿರಲಿಲ್ಲ. ದಾರಿಯಲ್ಲಿ ಎಣ್ಣೆ ಸೋರಿ, ಕೊರಿಯರ್‌ನವರು ಬೇರೆಯವರ ಪಾರ್ಸಲ್‌ಗೂ ಹತ್ತಿದೆ ಅಂತ ವಾಪಸ್ ಕಳಿಸಿದರು. ಹೋಗುವ ದುಡ್ಡೂ ನನ್ನದೇ, ಬರುವ ದುಡ್ಡೂ ನನ್ನದೇ.

ಈಗ ಒಂದು ಸಲಕ್ಕೆ ಹಾಕುವುದು ಸುಮಾರು ಹೀಗೆ: ಬ್ಯಾಡಗಿ 150 ಗ್ರಾಂ, ಗುಂಟೂರು 100 ಗ್ರಾಂ, ಸುಲಿದ ಬೆಳ್ಳುಳ್ಳಿ 200 ಗ್ರಾಂ, ಹುಣಸೆಹಣ್ಣು 100 ಗ್ರಾಂ, ಕಲ್ಲುಪ್ಪು 80–90 ಗ್ರಾಂ, ಜೀರಿಗೆ ಎರಡು ಚಮಚ, ಕರಿಮೆಣಸು ಒಂದೂವರೆ ಚಮಚ, ಕಡಲೆಕಾಯಿ ಎಣ್ಣೆ 150 ಎಂ.ಎಲ್. ಮೆಣಸಿನಕಾಯಿ ಉಬ್ಬಿ ಗರಿಗರಿಯಾದರೆ ಸಾಕು, ಬಣ್ಣ ತಿರುಗಬಾರದು. ಹುಣಸೆ ರಸವನ್ನು ಬೇರೆಯೇ ಕುದಿಸಿ ಗೊಜ್ಜಿನಷ್ಟು ಗಟ್ಟಿ ಮಾಡಿಕೊಳ್ಳಿ. ಎಲ್ಲ ರುಬ್ಬಿದ ಮೇಲೆ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ. ಗುಳ್ಳೆ ಏಳುವುದು ನಿಂತು ಎಣ್ಣೆ ಬಿಡಬೇಕು. ಇಳಿಸುವ ಮುಂಚೆ ನಾನು ಇನ್ನೊಂದು ಹುಳಿ ಪದಾರ್ಥ ಸ್ವಲ್ಪ ಸೇರಿಸುತ್ತೇನೆ. ಅದೇನು ಅಂತ ನಮ್ಮ ಮನೆಗೆ ಬಂದು ಉಂಡವರಿಗಷ್ಟೇ ಹೇಳುವುದು. ಡಬ್ಬಿ ಒಡೆದ ಮೇಲೆ ಫ್ರಿಜ್‌ನಲ್ಲಿಡಬೇಕು, ಒದ್ದೆ ಚಮಚ ಹಾಕಬಾರದು. ನಮ್ಮ ಮನೆಯಲ್ಲಿ ಎರಡು ತಿಂಗಳು ನಿಂತಿದೆ. ಉಣ್ಣುವಾಗ ಹಸಿ ಕಾಯಿ ತುರಿ, ಕೊತ್ತಂಬರಿ ಸೊಪ್ಪು ಅವರವರೇ ಅರೆದು ಸೇರಿಸಿಕೊಂಡರೆ ಆಗ ತಾನೇ ಮಾಡಿದ ಖಾರದ ಹಾಗೇ ಇರುತ್ತೆ.

250 ಗ್ರಾಂನ ಮೂರು ಡಬ್ಬಿ ಬರುತ್ತೆ. ಡಬ್ಬಿಯೂ ಸೇರಿ ಒಂದಕ್ಕೆ 90–100 ರೂಪಾಯಿ ಬೀಳುತ್ತೆ. ಬೆಂಗಳೂರಿನೊಳಗೆ ಕಳಿಸಲು 60–80, ರಾಜ್ಯದ ಆಚೆಗೆ 120ರ ಮೇಲೆ. ಬೆಳ್ಳುಳ್ಳಿ ಬೆಲೆ ಏರಿದಾಗ ಲೆಕ್ಕ ತಲೆಕೆಳಗಾಗುತ್ತೆ. ಮೆಣಸಿನಕಾಯಿಯದು ಇನ್ನೊಂದು ಕಥೆ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರು ರೊಚ್ಚಿಗೆದ್ದರಲ್ಲ, ಆಗ ನನಗೆ ಅಗ್ಗಕ್ಕೆ ಸಿಕ್ಕಿತು. ನಾನೂ ರೈತರ ಮನೆಯವನು, ಆ ಸಲ ಅಗ್ಗ ಅಂತ ಖುಷಿಪಡಲು ಆಗಲಿಲ್ಲ. ವರ್ಷಕ್ಕೆ ಒಟ್ಟು ಆರೇಳು ಸಾವಿರ ಖರ್ಚು. ಯಾರ ಹತ್ತಿರವೂ ದುಡ್ಡು ತಗೊಂಡಿಲ್ಲ, ತಗೊಳ್ಳುವುದೂ ಇಲ್ಲ. ಮಾರು, ಒಳ್ಳೇ ಲಾಭ ಇದೆ ಅಂತ ಇಬ್ಬರು ಹೇಳಿದರು. ಮಾರಿದರೆ ಅದು ಅಂಗಡಿ ಖಾರ ಆಗುತ್ತೆ, ಶನಿವಾರದ ಊಟ ಆಗಲ್ಲ.

ನಡುವೆ ಬೇರೆ ಏನೇನೋ ಮಾಡಿ ನೋಡಿದೆ. ಖಾರಕ್ಕೆ ಹುರಿದ ಹುಚ್ಚೆಳ್ಳು ಹಾಕಿದ್ದು ನನಗೆ ಬಹಳ ಇಷ್ಟವಾಯಿತು. ಘಮವೇ ಬೇರೆ. ಆದರೆ ಹದಿನೈದು ದಿನಕ್ಕೆ ಎಣ್ಣೆ ಮುಗ್ಗಲು ವಾಸನೆ. ಹಾಗಾಗಿ ಹುಚ್ಚೆಳ್ಳಿನದು ಕೈಯಲ್ಲಿ ಕೊಡುವವರಿಗೆ ಮಾತ್ರ, ಕೊರಿಯರ್‌ಗೆ ಇಲ್ಲ. ಕಾಯಿಯ ಬದಲು ಒಣ ಕೊಬ್ಬರಿ ಹಾಕಿದೆ, ಚಟ್ನಿಪುಡಿಯ ರುಚಿ ಬಂತು, ಬಿಟ್ಟೆ. ಖಾರದ ಉಂಡೆ ಕಟ್ಟಿ ತಾರಸಿಯಲ್ಲಿ ಒಣಗಿಸಿದೆ. ಮೂರು ದಿನ ಬಿಸಿಲು, ನಾಲ್ಕನೇ ದಿನ ಮಳೆ. ಮುದ್ದೆಯನ್ನು ಫ್ರೀಜರ್‌ನಲ್ಲಿಟ್ಟು ಮತ್ತೆ ಹಬೆಯಲ್ಲಿ ಬಿಸಿ ಮಾಡಿದರೆ ಬಿರುಕು ಬಿಡುತ್ತೆ, ನುಂಗಿದರೆ ಗಂಟಲಲ್ಲಿ ಜಾರಲ್ಲ. ಮುದ್ದೆ ಮಾತ್ರ ಆವಾಗಾವಾಗ ಮಾಡಿಯೇ ಉಣ್ಣಬೇಕು.

ಸಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ತಪ್ಪು ಮಾತ್ರ ಎಲ್ಲರೂ ಮಾಡುತ್ತಾರೆ. ಕುಕ್ಕರ್ ಅಂದೆ ಅಂತ ಕಾಳನ್ನೂ ಕುಕ್ಕರ್‌ನಲ್ಲಿ ಕೂಗಿಸಿ ಕರಗಿಸಿಬಿಡುತ್ತಾರೆ. ಆಗ ಕಟ್ಟು ಮಂದವಾಗಿ ಬೇಳೆ ಸಾರಾಗುತ್ತೆ. ಕಾಳು ಬೆಂದಿರಬೇಕು, ಒಡೆದಿರಬಾರದು. ಬಸಿದ ನೀರು ತೆಳ್ಳಗೆ, ತಿಳಿಯಾಗಿ ಇರಬೇಕು. ನುಗ್ಗೆಸೊಪ್ಪು, ದಂಟಿನಸೊಪ್ಪು, ಹೊನಗೊನೆ, ಏನು ಸಿಕ್ಕರೆ ಅದು. ಬೆರಕೆ ಸೊಪ್ಪಾದರೆ ಪುಣ್ಯ. ಜರ್ಮನಿಯವನು ಅಲ್ಲಿ ಸಿಗುವ ಪಾಲಕ್, ಹೆಸರುಕಾಳಿನಲ್ಲೇ ಮಾಡುತ್ತಾನೆ. ಖಾರ ಕಲಸಿದ ಮೇಲೆ ಅದೂ ಉಪ್ಸಾರೇ.

ಇದಕ್ಕೆ ಪ್ರತಿಯಾಗಿ ನನಗೆ ಬಂದದ್ದೂ ಇದೆ. ಧಾರವಾಡದ ಗೆಳೆಯ ಅವರ ತಾಯಿ ಮಾಡಿದ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಕಳಿಸುತ್ತಾನೆ. ರೊಟ್ಟಿ ಒಡೆಯದ ಹಾಗೆ ಸೀರೆ ತುಂಡಿನಲ್ಲಿ ಸುತ್ತಿ ಕಟ್ಟಿರುತ್ತಾರೆ ಆ ತಾಯಿ. ಶಿರಸಿ ಕಡೆಯ ಗೆಳತಿ ತಂಬುಳಿ ಕಲಿಸಿದಳು. ಅವಳಿಗೂ ನಾನು ಮೊದಲು ಹೇಳಿದ್ದು ಒಂದೇ ಮಾತು: "ನಿಮ್ಮನೆ ಅಳತೆ ಬೇಡ, ನನ್ನ ಅಡುಗೆಮನೆಯಲ್ಲಿ ಏನಿದೆ ಕೇಳು, ಆಮೇಲೆ ಹೇಳು." ಒಂದೆಲಗ ಸಿಗದ ದಿನಕ್ಕೆ ದೊಡ್ಡಪತ್ರೆಯಲ್ಲಿ ಮಾಡುವುದನ್ನು ಹೇಳಿಕೊಟ್ಟಳು. ನಮ್ಮ ಬಾಲ್ಕನಿಯ ಕುಂಡದಲ್ಲಿ ಅದು ಬೇಕಾದಷ್ಟಿದೆ.

ಹೋದ ವರ್ಷ ಅವ್ವನಿಗೆ ಬಲಭುಜ ನೋವು ಬಂತು. ಕೋಲು ತಿರುವಲು ಆಗುತ್ತಿರಲಿಲ್ಲ. ಒಂದು ಸಂಜೆ ಫೋನ್ ಮಾಡಿ, "ಅದೆಷ್ಟು ಕೂಗು ಅಂದಿದ್ಲಾ?" ಅಂತ ಕೇಳಿದಳು. ಮೂರು ಅಂದೆ. ಅವತ್ತು ರಾತ್ರಿ ದೊಡ್ಡಪ್ಪನೂ ಅಲ್ಲೇ ಉಂಡರಂತೆ. ಎರಡನೇ ಮುದ್ದೆ ಹಾಕಿಸಿಕೊಂಡರು ಅಂತ ಅವ್ವ ಹೇಳಿದಳು. ಹೆಸರು ಬದಲಾಯಿಸುವ ಮಾತು ಮತ್ತೆ ಬರಲಿಲ್ಲ.

ಈಗ ಅವರೇಕಾಯಿ ಕಾಲ ಹತ್ತಿರ ಬರುತ್ತಿದೆ. ಈ ಸಲ ಬಸ್ಸಾರಿಗೆ ಕೈ ಹಾಕಿದ್ದೇನೆ. ರುಬ್ಬಿದ ಮಸಾಲೆಯಲ್ಲಿ ಈರುಳ್ಳಿ ಇರುವುದರಿಂದ ನೀರಿನಂಶ ಜಾಸ್ತಿ, ಡಬ್ಬಿಯಲ್ಲಿ ಹತ್ತು ದಿನ ದಾಟಿಲ್ಲ. ಈರುಳ್ಳಿಯನ್ನು ಒಣಗಿಸಿ ಹಾಕಿದ ಒಂದು ಡಬ್ಬಿ ಫ್ರಿಜ್‌ನಲ್ಲಿದೆ. ಇವತ್ತಿಗೆ ಹದಿಮೂರನೇ ದಿನ, ಇನ್ನೂ ಚೆನ್ನಾಗಿದೆ.